ರಿಂಗ್ ಕಂಪ್ರೆಸರ್ ವಿಮರ್ಶೆ: ಬ್ಯಾಂಡ್, ಪ್ಲೈಯರ್, ಟೇಪರ್ ಸ್ಲೀವ್, ಜೊತೆಗೆ ಪಿಸ್ಟನ್ ಕೆಲಸದ ಮಿಕ್ಕ ಟೂಲ್‌ಗಳು

ಪಿಸ್ಟನ್ ಹೊರಗೆ ಬರುವಾಗ ಅಷ್ಟೇನೂ ಕಾಡುವುದಿಲ್ಲ, ಒಳಗೆ ಹೋಗುವಾಗ ಕಾಡುತ್ತದೆ. ಪಿಸ್ಟನ್ ಸುತ್ತಲಿನ ಲೋಹದ ಬಳೆ, ಅಂದರೆ ರಿಂಗ್, ಮುರಿಯುವುದು, ಎಣ್ಣೆ ಕೆರೆಯುವ ಆಯಿಲ್ ರಿಂಗ್‌ನ ತೆಳು ರೈಲ್ (ತೆಳು ಬಳೆ) ಮಡಚಿಕೊಳ್ಳುವುದು, ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದ ಮೇಲೆ ಒಂದೇ ಸಿಲಿಂಡರ್ ನೀಲಿ ಹೊಗೆ ಉಗುಳುವುದು, ಇವುಗಳ ಮೂಲ ಹುಡುಕುತ್ತ ಹೋದರೆ ಬಹಳ ಸಲ ಸಿಗುವುದು ಪಿಸ್ಟನ್ ಇಳಿಸುವಾಗ ರಿಂಗ್‌ಗಳನ್ನು ಅಮುಕಿ ಹಿಡಿಯುವ ರಿಂಗ್ ಕಂಪ್ರೆಸರ್‌ನ ಕೆಳ ಅಂಚಿಗೂ ಎಂಜಿನ್ ಬ್ಲಾಕ್‌ನ ಮೇಲ್ಮೈಗೂ ನಡುವೆ ಉಳಿದ ಒಂದು ಸಣ್ಣ ಸಂದಿ. ಆದ್ದರಿಂದ ಇಲ್ಲಿ ಹೆಚ್ಚು ಮಾತು ಕಂಪ್ರೆಸರ್ ಬಗ್ಗೆ. ಮಿಕ್ಕ ಟೂಲ್‌ಗಳಿಗೆ ಅವುಗಳ ಯೋಗ್ಯತೆಯಷ್ಟು ಜಾಗ.

ತೀರ್ಪು ಮೊದಲೇ ಹೇಳಿಬಿಡಬಹುದು. ಒಂದೇ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್ ರಂಧ್ರ) ಅಳತೆಯ ಎಂಜಿನ್‌ಗಳನ್ನು ಮತ್ತೆ ಮತ್ತೆ ಬಿಚ್ಚುವವರು ಟೇಪರ್ ಸ್ಲೀವ್ ಬಿಟ್ಟು ಬೇರೇನನ್ನೂ ನೋಡಬೇಕಾಗಿಲ್ಲ. ದಿನಕ್ಕೊಂದು ಬಗೆಯ ಕಾರು ಬರುವ ಕಡೆ ಪ್ಲೈಯರ್ ಸೆಟ್ ಒಳ್ಳೆಯದು. ಎಲ್ಲ ಟೂಲ್ ಪೆಟ್ಟಿಗೆಗಳಲ್ಲೂ ಇರುವ ಅಗ್ಗದ ಬ್ಯಾಂಡ್ ಕಂಪ್ರೆಸರ್ ಕೆಟ್ಟದ್ದೇನಲ್ಲ, ಆದರೆ ಅದು ಕೈ ಪಳಗಿದವರ ಟೂಲ್. ಹೊಸಬರ ಕೈಗೆ ಮೊದಲು ಸಿಗುವುದೂ ಅದೇ ಎನ್ನುವುದು ಬೇರೆ ಮಾತು.

ಬ್ಯಾಂಡ್ ಟೈಪ್ ಅಂದರೆ ಸ್ಪ್ರಿಂಗ್ ಸ್ಟೀಲಿನ ಅಗಲವಾದ ತಗಡಿನ ಸುರುಳಿ. ಹೊರಗಡೆ ಎರಡು ಪಟ್ಟಿ, ಒಂದು ರ‍್ಯಾಚೆಟ್, ತಿರುಗಿಸಲು ಚೌಕ ಕೀ. ಒಂದೇ ಟೂಲ್ ಸಣ್ಣ ಕಾರಿನ ಪಿಸ್ಟನ್‌ಗೂ ಲಾರಿಯದ್ದಕ್ಕೂ ಹೊಂದುತ್ತದೆ. ಅದರ ದೊಡ್ಡ ಗುಣವೂ ದೋಷವೂ ಇದೇ. ಯಾವ ಅಳತೆಗೂ ಸುತ್ತಿಕೊಳ್ಳುವ ತಗಡು ಯಾವ ಅಳತೆಯಲ್ಲೂ ಸರಿಯಾದ ವೃತ್ತವಾಗುವುದಿಲ್ಲ. ತಗಡಿನ ಒಳ ತುದಿ ಮುಗಿಯುವ ಕಡೆ ಒಂದು ಮೆಟ್ಟಿಲು ಉಳಿದೇ ಉಳಿಯುತ್ತದೆ. ಬೆರಳಿನಿಂದ ಒಳಗೆ ಸವರಿ ನೋಡಿ, ಉಗುರಿಗೆ ತಾಗುತ್ತದೆ. ರಿಂಗ್‌ನ ಗ್ಯಾಪ್, ಅಂದರೆ ಅದರ ಎರಡು ತುದಿಗಳ ನಡುವಿನ ಸಂದಿ, ಆ ಮೆಟ್ಟಿಲಿನ ಎದುರಿಗೇ ಬಂದರೆ ರಿಂಗ್‌ನ ತುದಿ ಹೊರಗೆ ಸೆಟೆದು ನಿಲ್ಲುತ್ತದೆ.

ಸರಿಯಾಗಿ ಬಳಸುವ ಕ್ರಮ ಹೀಗೆ. ಕೂರಿಸುವ ಸಿಲಿಂಡರ್‌ನ ಕ್ರ್ಯಾಂಕ್ ಪಿನ್ (ಪಿಸ್ಟನ್‌ನ ರಾಡ್ ಕೂರುವ ಕ್ರ್ಯಾಂಕ್ ಭಾಗ) ಪೂರ್ತಿ ಕೆಳಗೆ ಇರಲಿ. ಪಿಸ್ಟನ್‌ನ ರಿಂಗ್‌ಗಳಿಗೂ ಅವುಗಳ ಕೆಳಗಿನ ಸ್ಕರ್ಟ್ ಭಾಗಕ್ಕೂ ಬ್ಯಾಂಡಿನ ಒಳಮೈಗೂ ಎಂಜಿನ್ ಆಯಿಲ್ ಸವರಿ. ಸ್ಕರ್ಟ್ ಕೆಳಗೆ 10ರಿಂದ 15 ಮಿಮೀ ಹೊರಗೆ ಕಾಣುವಂತೆ ಬ್ಯಾಂಡ್ ಸುತ್ತಿ, ಏಕೆಂದರೆ ಬೋರ್‌ಗೆ ಮೊದಲು ಇಳಿದು ದಾರಿ ತೋರಿಸುವುದು ಆ ಸ್ಕರ್ಟ್. ಕೀ ತಿರುಗಿಸುತ್ತ ಸ್ಕ್ರೂಡ್ರೈವರ್ ಹಿಡಿಯಿಂದ ಬ್ಯಾಂಡಿನ ಸುತ್ತ ಮೆಲ್ಲಗೆ ತಟ್ಟಿ. ತಟ್ಟಿದಷ್ಟೂ ರಿಂಗ್‌ಗಳು ಗ್ರೂವ್‌ನೊಳಗೆ ಜಾರಿ ಕೂರುತ್ತವೆ, ಕೀ ಇನ್ನೊಂದೆರಡು ಹಲ್ಲು ತಿರುಗುತ್ತದೆ. ತಟ್ಟಿದರೂ ಮುಂದಕ್ಕೆ ಬಾರದಿದ್ದಾಗ ನಿಲ್ಲಿಸಿ. ಬಲ ಹಾಕಿ ಇನ್ನೂ ಬಿಗಿದರೆ ಬ್ಯಾಂಡ್ ಪಿಸ್ಟನ್ನನ್ನೇ ಕಚ್ಚಿಕೊಳ್ಳುತ್ತದೆ, ಆಮೇಲೆ ಪಿಸ್ಟನ್ ಜಾರುವ ಬದಲು ಬ್ಯಾಂಡ್ ಸಮೇತ ಕೆಳಗೆ ಹೋಗಲು ನೋಡುತ್ತದೆ.

ಬೋರ್ ಮೇಲೆ ಇಟ್ಟ ಮೇಲೆ ಬ್ಯಾಂಡಿನ ಮೇಲಂಚನ್ನು ಸುತ್ತಲೂ ತಟ್ಟಿ, ಕೆಳ ಅಂಚು ಬ್ಲಾಕ್‌ಗೆ ಎಲ್ಲ ಕಡೆ ತಾಗುವಂತೆ ಮಾಡಬೇಕು. ಒಂದು ಕೈ ಬ್ಯಾಂಡನ್ನು ಕೆಳಕ್ಕೆ ಒತ್ತಿ ಹಿಡಿದಿರಲಿ, ಇನ್ನೊಂದು ಕೈಯಲ್ಲಿ ಸುತ್ತಿಗೆಯ ಮರದ ಹಿಡಿಯಿಂದ ಪಿಸ್ಟನ್ ತಲೆಯನ್ನು ಒತ್ತುತ್ತ ತಟ್ಟಿ. ಸರಿಯಾಗಿ ಇಳಿಯುವಾಗ ಪ್ರತಿ ತಟ್ಟಿಗೂ ಮೆತ್ತನೆಯ ಸದ್ದು, ಪ್ರತಿ ತಟ್ಟಿಗೂ ಅಷ್ಟೇ ಅಷ್ಟು ಇಳಿತ. ಸದ್ದು ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಪಿಸ್ಟನ್ ನಿಂತರೆ ಒಂದು ರಿಂಗ್ ಹೊರಗೆ ಹಾರಿ ಬ್ಲಾಕಿನ ಅಂಚಿನ ಮೇಲೆ ಕೂತಿದೆ ಎಂದೇ ಅರ್ಥ. ಅಲ್ಲಿಗೆ ಕೈ ನಿಲ್ಲಬೇಕು. ಇನ್ನೊಂದು ಪೆಟ್ಟು ಹಾಕಿದರೆ ರಿಂಗ್ ಮುರಿಯುತ್ತದೆ, ಇಲ್ಲವೇ ಪಿಸ್ಟನ್‌ನ ರಿಂಗ್ ಲ್ಯಾಂಡ್ (ಎರಡು ಗ್ರೂವ್‌ಗಳ ನಡುವಿನ ಲೋಹ) ಸೀಳುತ್ತದೆ. ಪಿಸ್ಟನ್ ಹೊರಗೆ ತೆಗೆದು, ರಿಂಗ್‌ಗಳನ್ನು ಒಂದೊಂದಾಗಿ ನೋಡಿ, ಮತ್ತೆ ಮೊದಲಿನಿಂದ ಶುರು.

ಹಳೆಯ ಕಾಲದ ಉದ್ದ ಸ್ಕರ್ಟಿನ, ದಪ್ಪ ರಿಂಗಿನ ಪಿಸ್ಟನ್‌ಗಳಲ್ಲಿ ಈ ಟೂಲ್ ಚೆನ್ನಾಗಿಯೇ ನಡೆಯುತ್ತಿತ್ತು. ಈಗಿನ ಎಂಜಿನ್‌ಗಳಲ್ಲಿ ಟಾಪ್ ರಿಂಗ್ 1.0ರಿಂದ 1.2 ಮಿಮೀ, ಆಯಿಲ್ ರಿಂಗ್‌ನ ಒಂದೊಂದು ರೈಲ್ ಸುಮಾರು ಅರ್ಧ ಮಿಮೀ ದಪ್ಪ. ಬ್ಯಾಂಡ್ ಅರ್ಧ ಮಿಮೀ ಎದ್ದರೂ ರೈಲ್ ಹೊರಗೆ ಹಾರಲು ಅಷ್ಟು ಸಂದಿ ಸಾಕು. ಸ್ಕರ್ಟೂ ಗಿಡ್ಡ, ಹಿಡಿದು ನಿಲ್ಲಲು ಬೋರ್‌ನೊಳಗೆ ಆಸರೆಯಿಲ್ಲ. ಐದರಲ್ಲಿ ಎರಡೂವರೆ ಅಂಕ ಕೊಡಬಹುದು. ಕೊಳ್ಳುವುದೇ ಆದರೆ ಒಳಮೈ ಉಬ್ಬುತಗ್ಗಿಲ್ಲದೆ ನುಣುಪಾಗಿರುವುದನ್ನು ಆರಿಸಿ, ರ‍್ಯಾಚೆಟ್ ಹಲ್ಲು ಹಿಡಿಯುತ್ತದೆಯೇ ಎಂದು ಅಂಗಡಿಯಲ್ಲೇ ಖಾಲಿ ಡಬ್ಬಿಗೆ ಸುತ್ತಿ ನೋಡಿ. ಅರ್ಧದಲ್ಲಿ ರ‍್ಯಾಚೆಟ್ ಜಾರಿದರೆ ಎಲ್ಲ ಕೆಲಸ ಹಾಳು.

ಪ್ಲೈಯರ್ ಟೈಪ್‌ನಲ್ಲಿ ಬೇರೆ ಬೇರೆ ಅಳತೆಯ ಗಿಡ್ಡ ಬ್ಯಾಂಡ್‌ಗಳ ಸೆಟ್, ಅವನ್ನು ಹಿಡಿದು ಅಮುಕಲು ಲಾಕ್ ಇರುವ ಇಕ್ಕಳ. ಬ್ಯಾಂಡ್ ರಿಂಗ್‌ಗಳನ್ನು ಮುಚ್ಚುವಷ್ಟೇ ಎತ್ತರ, ಹಾಗಾಗಿ ಎಂಜಿನ್ ಕಾರಿನಲ್ಲೇ ಇದ್ದು ಮೇಲ್ಗಡೆ ಜಾಗ ಕಡಿಮೆ ಇರುವ ಕಡೆ ಇದರಷ್ಟು ಅನುಕೂಲ ಮತ್ತೊಂದಿಲ್ಲ. ಕೂರಿಸಿದ ಮೇಲೆ ಇಕ್ಕಳ ಬಿಟ್ಟರೆ ಬ್ಯಾಂಡ್ ತಾನೇ ತೆರೆದುಕೊಳ್ಳುತ್ತದೆ. ಆಯಾ ಅಳತೆಗೆ ಮಾಡಿದ ಬ್ಯಾಂಡ್ ಆದ್ದರಿಂದ ವೃತ್ತ ಹೆಚ್ಚು ಸರಿಯಾಗಿರುತ್ತದೆ. ಕೊರತೆ ಎರಡು. ಪಿಸ್ಟನ್ ಅಳತೆ ಎರಡು ಬ್ಯಾಂಡ್‌ಗಳ ನಡುವೆ ಬಿದ್ದರೆ ಬಾಯಿ ಪೂರ್ತಿ ಮುಚ್ಚುವುದಿಲ್ಲ, ಆ ತೆರೆದ ಬಾಯಿಗೆ ರಿಂಗ್ ಗ್ಯಾಪ್ ಬಾರದಂತೆ ತಿರುಗಿಸಿ ಹಿಡಿಯಬೇಕು. ಮತ್ತೆ, ಇಕ್ಕಳದ ತೂಕ ಒಂದೇ ಕಡೆ ಇರುವುದರಿಂದ ಬ್ಯಾಂಡ್ ಆ ಕಡೆಗೆ ವಾಲುತ್ತದೆ. ಎದುರು ಬದಿಯ ಅಂಚು ಏಳುತ್ತದೆ. ಇಕ್ಕಳ ಹಿಡಿದ ಕೈಯನ್ನು ಸ್ವಲ್ಪ ಮೇಲಕ್ಕೆ ಆನಿಸಿ ಹಿಡಿಯುವುದು ಅಭ್ಯಾಸವಾಗಬೇಕು. ಮೂರೂವರೆ ಅಂಕ.

ಟೇಪರ್ ಸ್ಲೀವ್ ನೋಡಲು ಏನೂ ಅಲ್ಲ, ಅಲ್ಯೂಮಿನಿಯಂನ ಒಂದು ದಪ್ಪ ಬಳೆ. ಮೇಲಿನ ಬಾಯಿ ಅಗಲ, ಕೆಳಗಿನ ಬಾಯಿ ಬೋರ್‌ನಷ್ಟೇ. ಒಳಮೈ ಕನ್ನಡಿಯಂತೆ ನುಣುಪು. ಎಣ್ಣೆ ಸವರಿ ಬ್ಲಾಕಿನ ಮೇಲಿಟ್ಟು, ರಾಡ್ ಸಮೇತ ಪಿಸ್ಟನ್ ಮೇಲಿನಿಂದ ಬಿಟ್ಟರೆ ರಿಂಗ್‌ಗಳು ಇಳಿಜಾರಿನಲ್ಲಿ ಇಳಿಯುತ್ತ ತಾವೇ ಮುಚ್ಚಿಕೊಳ್ಳುತ್ತವೆ. ಎರಡು ಹೆಬ್ಬೆರಳ ಒತ್ತಿಗೆ ಪಿಸ್ಟನ್ ಒಳಗೆ ಇಳಿದುಬಿಡುತ್ತದೆ, ಹೆಚ್ಚೆಂದರೆ ಮರದ ಹಿಡಿಯಿಂದ ಒಂದು ನೂಕು. ಬಿಗಿಯಬೇಕಾದ ಸ್ಕ್ರೂ ಇಲ್ಲ, ಏಳುವ ಅಂಚಿಲ್ಲ. ತೆಳು ರಿಂಗ್‌ಗಳಿಗೆ ಇದೇ ಸರಿ.

ಆದರೆ ಅಳತೆ ತಪ್ಪಿದರೆ ಕ್ಷಮೆಯಿಲ್ಲ. ಸ್ಲೀವ್ ಬೋರ್‌ಗಿಂತ 0.5 ಮಿಮೀ ದೊಡ್ಡದಾದರೆ ರಿಂಗ್‌ಗೆ ಸುತ್ತಲೂ 0.25 ಮಿಮೀ ಮೆಟ್ಟಿಲು ಸಿಗುತ್ತದೆ, ಅಲ್ಲೇ ಕಚ್ಚಿಕೊಳ್ಳುತ್ತದೆ. ಚಿಕ್ಕದಾದರೆ ಸ್ಕರ್ಟೇ ಸಿಕ್ಕಿಹಾಕಿಕೊಳ್ಳುತ್ತದೆ. 0.25 ಅಥವಾ 0.50 ಮಿಮೀ ಓವರ್‌ಸೈಜ್‌ಗೆ (ಮೂಲ ಅಳತೆಗಿಂತ ದೊಡ್ಡದಾಗಿ) ಬೋರ್ ಮಾಡಿಸಿದರೆ ಹಳೆಯ ಸ್ಲೀವ್ ಕೆಲಸಕ್ಕೆ ಬರುವುದಿಲ್ಲ. ಇದಕ್ಕೆಂದೇ ಒಂದು ಕಡೆ ಸೀಳಿರುವ, ಕ್ಲ್ಯಾಂಪ್‌ನಿಂದ ಕೆಲವು ಮಿಮೀ ಹೊಂದಿಸಬಹುದಾದ ಸ್ಲೀವ್‌ಗಳೂ ಸಿಗುತ್ತವೆ. ಅವು ಮಧ್ಯಮ ದಾರಿ. ಸೀಳಿನ ಎದುರು ರಿಂಗ್ ಗ್ಯಾಪ್ ಬಾರದಂತೆ ನೋಡಿಕೊಂಡರೆ ಸಾಕು.

ಬಳಸುವ ಮುನ್ನ ಪಿಸ್ಟನ್ ಇಲ್ಲದೆಯೇ ಸ್ಲೀವನ್ನು ಬೋರ್ ಮೇಲಿಟ್ಟು ಒಳಗಿನಿಂದ ಕೆಳಮುಖವಾಗಿ ಉಗುರು ಎಳೆಯಿರಿ. ಸ್ಲೀವಿನಿಂದ ಬೋರ್‌ಗೆ ದಾಟುವಾಗ ಉಗುರು ತಡೆಯಬಾರದು. ಸಿಲಿಂಡರ್ ಹೆಡ್ಡನ್ನು ಜಾಗಕ್ಕೆ ಸರಿಯಾಗಿ ಕೂರಿಸುವ ಡೋವೆಲ್ ಪಿನ್ ಬೋರ್‌ಗೆ ಹತ್ತಿರವಿದ್ದರೆ ಸ್ಲೀವ್ ಅದರ ಮೇಲೆ ಹತ್ತಿ ಕೂರುತ್ತದೆ, ಡೋವೆಲ್ ಕಿತ್ತಿಡಿ. ಇನ್ನೊಂದು ಮುಖ್ಯ ವಿಷಯ ಬೋರ್‌ನ ಬಾಯಲ್ಲಿರುವ ಚೇಂಫರ್, ಅಂದರೆ ಇಳಿಜಾರು ಅಂಚು. ಬೋರ್ ದೊಡ್ಡದು ಮಾಡಿದಾಗ, ಬ್ಲಾಕ್ ಮೇಲ್ಮೈ ಚಪ್ಪಟೆ ಮಾಡಿಸಿದಾಗ ಆ ಇಳಿಜಾರು ಸವೆದು ಹೋಗಿ ಚೂಪು ಅಂಚು ಉಳಿಯುತ್ತದೆ. ಮೆಷಿನ್ ಶಾಪಿನವರಿಗೆ ಚೇಂಫರ್ ಮತ್ತೆ ಹೊಡೆಯಲು ಮರೆಯದೆ ಹೇಳಬೇಕು, ಇಲ್ಲದಿದ್ದರೆ ಎಂಥ ಸ್ಲೀವ್ ಇದ್ದರೂ ರಿಂಗ್ ಕೆರೆದುಕೊಳ್ಳುತ್ತದೆ. ಸ್ಲೀವ್ ಅಲ್ಯೂಮಿನಿಯಂ ಆದ್ದರಿಂದ ಕೆಳ ಅಂಚಿಗೆ ಬಿದ್ದ ಒಂದು ಸಣ್ಣ ನಗ್ಗು ಕೂಡ ರಿಂಗ್‌ಗೆ ಕೊಕ್ಕೆಯಾಗುತ್ತದೆ. ಸ್ಪ್ಯಾನರ್‌ಗಳ ಜೊತೆ ಡಬ್ಬಿಗೆ ಎಸೆಯುವ ಸಾಮಾನಲ್ಲ ಇದು, ಬಟ್ಟೆಯಲ್ಲಿ ಸುತ್ತಿಡಿ. ನಾಲ್ಕೂವರೆ ಅಂಕ, ಅರ್ಧ ಕಳೆದದ್ದು ಒಂದೇ ಅಳತೆಗೆ ಕಟ್ಟುಬಿದ್ದಿರುವುದಕ್ಕೆ.

ಕಂಪ್ರೆಸರ್ ಮೇಲೆ ಬೀಳುವ ಬೈಗುಳದಲ್ಲಿ ಒಂದಷ್ಟು ಅದಕ್ಕೆ ಸಲ್ಲಬೇಕಾದ್ದಲ್ಲ. ಆಯಿಲ್ ರಿಂಗ್ ಅನ್ನೇ ತೆಗೆದುಕೊಳ್ಳಿ. ರೈಲ್‌ಗಳ ನಡುವಿನ ಎಕ್ಸ್‌ಪ್ಯಾಂಡರ್ ಎಂಬ ಸ್ಪ್ರಿಂಗ್‌ನ ಎರಡು ತುದಿ ಒಂದಕ್ಕೊಂದು ಮುಟ್ಟಿ ನಿಲ್ಲಬೇಕು, ಒಂದರ ಮೇಲೊಂದು ಹತ್ತಬಾರದು. ಹತ್ತಿದರೆ ರೈಲ್‌ಗಳು ಗೋಡೆಗೆ ಒತ್ತುವುದಿಲ್ಲ, ಎಣ್ಣೆ ಮೇಲೆ ಹೋಗುತ್ತದೆ. ಕೆಲವು ಸೆಟ್‌ಗಳಲ್ಲಿ ತುದಿಗಳಿಗೆ ಬಣ್ಣ ಹಚ್ಚಿರುತ್ತಾರೆ, ಕೂರಿಸಿದ ಮೇಲೆ ಎರಡೂ ಬಣ್ಣ ಕಾಣಬೇಕು. ಎರಡನೆಯ ರಿಂಗ್ ತಲೆಕೆಳಗಾದರೂ ಇದೇ ಗತಿ, ಎಣ್ಣೆ ಕೆರೆದು ಕೆಳಗಿಳಿಸುವ ಬದಲು ಮೇಲೆ ತಳ್ಳುತ್ತದೆ. ಚುಕ್ಕೆಯೋ ಅಕ್ಷರವೋ ಇರುವ ಮುಖ ಯಾವಾಗಲೂ ಮೇಲೆ. ಗ್ಯಾಪ್‌ಗಳನ್ನು ಒಂದರ ಕೆಳಗೊಂದು ಸಾಲಾಗಿ ಬಿಡದೆ ಸುಮಾರು 120 ಡಿಗ್ರಿ ದೂರ ಹಂಚಿ, ಪಿಸ್ಟನ್ನನ್ನು ರಾಡ್‌ಗೆ ಸೇರಿಸುವ ಗಡ್ಜನ್ ಪಿನ್‌ನ ನೇರಕ್ಕೂ ಥ್ರಸ್ಟ್ ಬದಿಗೂ (ಪಿಸ್ಟನ್ ಗೋಡೆಗೆ ಹೆಚ್ಚು ಒತ್ತುವ ಬದಿ) ಬಾರದಂತೆ ಇಡಬೇಕು. ಎಂಜಿನ್ ಮ್ಯಾನ್ಯುಯಲ್‌ನಲ್ಲಿ ಚಿತ್ರವಿದ್ದರೆ ಅದೇ ಅಂತಿಮ.

ಹಾಗಾಗಿ ಕಂಪ್ರೆಸರ್ ಜೊತೆಗೆ ರಿಂಗ್ ಅಗಲಿಸಿ ಪಿಸ್ಟನ್‌ಗೆ ಹಾಕುವ ಒಂದು ರಿಂಗ್ ಎಕ್ಸ್‌ಪ್ಯಾಂಡರ್ ಇಕ್ಕಳ ಕೊಳ್ಳುವುದು ಜಾಣತನ. ಕೈಯಿಂದ ಸುರುಳಿ ತಿರುಗಿಸುತ್ತ ಹಾಕಿದರೆ ಕಂಪ್ರೆಷನ್ ರಿಂಗ್ ಕಣ್ಣಿಗೆ ಕಾಣದಷ್ಟು ತಿರುಚಿಕೊಳ್ಳುತ್ತದೆ, ಮತ್ತೆ ಗ್ರೂವ್‌ನಲ್ಲಿ ಚಪ್ಪಟೆಯಾಗಿ ಕೂರುವುದಿಲ್ಲ. ಇಕ್ಕಳಕ್ಕೆ ತೆರೆಯುವ ಮಿತಿ ಹಾಕುವ ಸ್ಕ್ರೂ ಇರಲೇಬೇಕು, ಇಲ್ಲದಿದ್ದರೆ ಒಂದು ಹೆಚ್ಚಿನ ಅಮುಕಿಗೆ ರಿಂಗ್ ಪಟ್ಟೆಂದು ಎರಡು ತುಂಡು. ಆಯಿಲ್ ರಿಂಗ್ ರೈಲ್‌ಗಳಿಗೆ ಮಾತ್ರ ಇಕ್ಕಳ ಬೇಡ, ಅವನ್ನು ಕೈಯಿಂದಲೇ ಸುರುಳಿಯಾಗಿ ಇಳಿಸುವುದು ಸರಿ.

ರಿಂಗ್ ಗ್ಯಾಪ್ ಅಳೆಯಲು ದುಬಾರಿ ಟೂಲ್ ಏನೂ ಬೇಡ, ಒಳ್ಳೆಯ ಫೀಲರ್ ಗೇಜ್ (ಅಳತೆ ಬರೆದ ತೆಳು ತಗಡುಗಳ ಸೆಟ್) ಸಾಕು. ರಿಂಗ್ ಒಂದನ್ನೇ ಬೋರ್‌ಗೆ ಹಾಕಿ, ತಲೆಕೆಳಗು ಮಾಡಿದ ಪಿಸ್ಟನ್‌ನಿಂದ ಸುಮಾರು 25 ಮಿಮೀ ಕೆಳಗೆ ನೂಕಿದರೆ ರಿಂಗ್ ನೇರವಾಗಿ ನಿಲ್ಲುತ್ತದೆ. ಟರ್ಬೊ ಇಲ್ಲದ ಎಂಜಿನ್‌ಗೆ ಟಾಪ್ ರಿಂಗ್‌ಗೆ ಬೋರ್‌ನ ಪ್ರತಿ ಮಿಮೀಗೆ 0.004 ಮಿಮೀ ಎನ್ನುವುದು ಹಳೆಯ ಲೆಕ್ಕ. 75 ಮಿಮೀ ಬೋರ್‌ಗೆ 0.30 ಮಿಮೀ ಆಯಿತು. ಎರಡನೆಯದಕ್ಕೆ ಸ್ವಲ್ಪ ಹೆಚ್ಚು. ಗ್ಯಾಪ್ ಕಡಿಮೆಯಾದರೆ ಬಿಸಿಗೆ ಹಿಗ್ಗಿದ ರಿಂಗ್‌ನ ತುದಿಗಳು ಗುದ್ದಿಕೊಂಡು ರಿಂಗ್ ಗೋಡೆಗೆ ಕಚ್ಚುತ್ತದೆ, ಲ್ಯಾಂಡ್ ಕಿತ್ತು ಬರುತ್ತದೆ. ಹೆಚ್ಚಾದರೆ ಸ್ವಲ್ಪ ಕಂಪ್ರೆಷನ್ ಸೋರುತ್ತದೆ ಅಷ್ಟೆ. ಎರಡರಲ್ಲಿ ಯಾವುದಕ್ಕೆ ಹೆದರಬೇಕೆಂದು ಬೇರೆ ಹೇಳಬೇಕಾಗಿಲ್ಲ. ಕೈಯಿಂದ ತಿರುಗಿಸುವ ರಿಂಗ್ ಫೈಲರ್ ಬೇಕಾಗುವುದು ಉಜ್ಜಿ ಹೊಂದಿಸಬೇಕಾದ ಸೆಟ್ ತಂದವರಿಗೆ ಮಾತ್ರ. ಎಲ್ಲೋ ಒಂದು ರಿಂಗ್ ಬಿಗಿಯಾಗಿದ್ದರೆ ಸಣ್ಣ ಅರ ಸಾಕು, ಆದರೆ ಹೊರಗಿನಿಂದ ಒಳಗಿನ ದಿಕ್ಕಿಗೆ ಮಾತ್ರ ಉಜ್ಜಬೇಕು. ತಿರುವುಮುರುವು ಉಜ್ಜಿದರೆ ಹೊರ ಅಂಚಿನ ಲೇಪನ ಚಕ್ಕೆ ಏಳುತ್ತದೆ.

ಇನ್ನು ಬಿಚ್ಚುವ ಟೂಲ್‌ಗಳು. ರಿಡ್ಜ್ ರೀಮರ್, ಅಂದರೆ ಬೋರ್‌ನ ಮೇಲ್ತುದಿಯ ಏಣು ಕತ್ತರಿಸುವ ಟೂಲ್, ಕೊಳ್ಳುವ ಆತುರ ಬೇಡ, ಒಂದೆರಡು ದಿನಕ್ಕೆ ತಂದುಕೊಂಡರೆ ಸಾಕು. ಹೆಡ್ ಇಳಿಸಿದ ಮೇಲೆ ಬೋರ್‌ನ ಮೇಲ್ತುದಿಯಲ್ಲಿ ಉಗುರು ಎಳೆದು ನೋಡಿ. ಟಾಪ್ ರಿಂಗ್ ಎಲ್ಲಿಯವರೆಗೆ ಓಡಾಡುತ್ತದೋ ಅಲ್ಲಿಯವರೆಗೆ ಗೋಡೆ ಸವೆದು, ಅದರ ಮೇಲೆ ಸವೆಯದ ಏಣು ಉಳಿದಿರುತ್ತದೆ. ಬರೀ ಮಸಿಯಾದರೆ ಕೆರೆದರೆ ಹೋಗುತ್ತದೆ. ಲೋಹದ ಏಣೇ ಆದರೆ ಅದನ್ನು ಕತ್ತರಿಸದೆ ಪಿಸ್ಟನ್ ಮೇಲಕ್ಕೆ ಹೊಡೆದರೆ ರಿಂಗ್ ಏಣಿಗೆ ಸಿಕ್ಕಿ ಲ್ಯಾಂಡ್ ಒಡೆಯುತ್ತದೆ. ಪಿಸ್ಟನ್ ಪೂರ್ತಿ ಕೆಳಗಿಳಿಸಿ, ಮೇಲೆ ಬಟ್ಟೆ ತುಂಬಿ, ರೀಮರ್ ತಿರುಗಿಸಿ. ರಿಂಗ್ ಓಡಾಡುವ ಜಾಗಕ್ಕೆ 0.8 ಮಿಮೀಗಿಂತ ಕೆಳಗೆ ಕತ್ತರಿ ಹೋಗಬಾರದು. ಅಗ್ಗದ ರೀಮರ್‌ಗಳ ದೋಷವೇ ಇದು: ಕಾಲುಗಳು ಸಮನಾಗಿ ಹಿಡಿಯದೆ ಬ್ಲೇಡ್ ಒಂದು ಕಡೆ ಆಳಕ್ಕೆ ಇಳಿಯುತ್ತದೆ. ಲೇಪನವಿರುವ ಅಲ್ಯೂಮಿನಿಯಂ ಬೋರ್‌ಗೆ ರೀಮರ್ ಮುಟ್ಟಿಸಲೇಬಾರದು.

ವೆಟ್ ಲೈನರ್ ಎಂಜಿನ್ (ಸುತ್ತ ಕೂಲಂಟ್ ಹರಿಯುವ ಬಿಡಿ ಸಿಲಿಂಡರ್ ಕೊಳವೆಗಳದ್ದು) ಆದರೆ ಹೆಡ್ ತೆಗೆದ ಮೇಲೆ ಕ್ರ್ಯಾಂಕ್ ತಿರುಗಿಸುವ ಮೊದಲೇ ಲೈನರ್‌ಗಳನ್ನು ಕ್ಲ್ಯಾಂಪ್‌ನಿಂದ ಒತ್ತಿ ಹಿಡಿಯಬೇಕು. ಪಿಸ್ಟನ್ ಜೊತೆ ಲೈನರ್ ಎದ್ದರೆ ಕೆಳಗಿನ ಸೀಲ್ ಹೋಯಿತು, ಕೂಲಂಟ್ ಕೆಳಗಿನ ಎಣ್ಣೆಯ ಸಂಪ್‌ಗೆ ಇಳಿಯುತ್ತದೆ. ಕ್ಲ್ಯಾಂಪ್ ಕೊಳ್ಳಬೇಕಾಗಿಲ್ಲ, ಹೆಡ್ ಬೋಲ್ಟ್‌ಗೆ ದಪ್ಪ ವಾಷರ್ ಹಾಕಿ ಬಿಗಿದರೂ ನಡೆಯುತ್ತದೆ.

ರಾಡನ್ನು ಕ್ರ್ಯಾಂಕ್‌ಗೆ ಹಿಡಿಸುವ ಕ್ಯಾಪ್ ಬಿಚ್ಚುವ ಮುನ್ನ ರಾಡ್‌ಗೂ ಕ್ಯಾಪ್‌ಗೂ ಒಂದೇ ಬದಿಯಲ್ಲಿ ಸಿಲಿಂಡರ್ ನಂಬರ್ ಬರೆಯಿರಿ. ನಂಬರ್ ಪಂಚ್ ಸೆಟ್ ಎಲ್ಲ ಕಡೆ ಬಳಸುತ್ತಾರೆ, ಆದರೆ ಮುರಿದು ಬೇರ್ಪಡಿಸಿದ ಬಗೆಯ ರಾಡ್‌ಗಳಿಗೆ ಪೇಂಟ್ ಮಾರ್ಕರ್ ಉತ್ತಮ, ಪೆಟ್ಟು ಬೇಡ. ಆ ರಾಡ್‌ಗಳ ಒರಟು ಮುಖವೇ ಅವುಗಳ ಜೋಡಿ. ಮೇಜಿನ ಮೇಲೆ ಆ ಮುಖ ಕೆಳಗೆ ಮಾಡಿ ಇಟ್ಟರೆ, ಒಂದು ಕಾಳು ಮುರಿದರೂ ಕ್ಯಾಪ್ ಮತ್ತೆ ಸರಿಯಾಗಿ ಕೂರುವುದಿಲ್ಲ. ಬೋಲ್ಟ್ ರಾಡ್‌ನಲ್ಲೇ ಉಳಿಯುವ ಎಂಜಿನ್‌ಗಳಲ್ಲಿ ಅದರ ಎಳೆ (ಥ್ರೆಡ್) ಕ್ರ್ಯಾಂಕ್ ಪಿನ್‌ನ ನುಣುಪು ಮೈ, ಅಂದರೆ ಜರ್ನಲ್‌ಗೆ ತಾಗಿ ಗೀರು ಬೀಳದಂತೆ ಕವರ್ ಹಾಕಬೇಕು. ಅದಕ್ಕೆಂದೇ ಮಾರುವ ರಬ್ಬರ್ ಟೋಪಿಗಳಿಗಿಂತ ತುಂಡು ಮಾಡಿದ ಫ್ಯೂಯೆಲ್ ಹೋಸ್ ಏನೂ ಕಡಿಮೆಯಿಲ್ಲ. ಉದ್ದನೆಯ ಗೈಡ್ ರಾಡ್‌ಗಳ ಕಥೆ ಬೇರೆ. ಅವು ರಾಡನ್ನು ಕೆಳಗಿನಿಂದ ಎಳೆದು ಜರ್ನಲ್ ಮೇಲೆ ನೇರ ಕೂರಿಸುತ್ತವೆ, ಬ್ಲಾಕಿನ ತಳದಲ್ಲಿರುವ ಆಯಿಲ್ ಜೆಟ್ ನಳಿಗೆಗೆ ರಾಡ್ ಬಡಿಯದಂತೆ ಕಾಯುತ್ತವೆ. ಜೆಟ್ ಇರುವ ಎಂಜಿನ್ ಬಿಚ್ಚುವವರಿಗೆ ಇವು ನಿಜವಾಗಿ ಬೇಕು. ಬಾಗಿದ ಜೆಟ್ ಪಿಸ್ಟನ್‌ಗೆ ಎಣ್ಣೆ ಚಿಮ್ಮಿಸುವುದಿಲ್ಲ, ಜೋಡಿಸಿದ ಮೇಲೆ ಅದು ಕಣ್ಣಿಗೂ ಬೀಳುವುದಿಲ್ಲ.

ಬೇರಿಂಗ್ ಸಂದಿ ನೋಡಲು ಪ್ಲಾಸ್ಟಿಗೇಜ್, ಅಂದರೆ ಚಪ್ಪಟೆಯಾದ ಅಗಲದಿಂದ ಸಂದಿ ತಿಳಿಸುವ ಪ್ಲಾಸ್ಟಿಕ್ ಎಳೆ. ಹಸಿರು ಎಳೆ 0.025ರಿಂದ 0.076 ಮಿಮೀವರೆಗೆ, ಕೆಂಪು 0.05ರಿಂದ 0.15ವರೆಗೆ, ನೀಲಿ 0.10ರಿಂದ 0.23ವರೆಗೆ ಅಳೆಯುತ್ತದೆ. ಕಾರಿನ ಬಿಗ್ ಎಂಡ್‌ಗೆ (ರಾಡ್‌ನ ಕ್ರ್ಯಾಂಕ್ ಕಡೆಯ ತುದಿ) ಹಸಿರೇ ಸಾಕು. ಬೇರಿಂಗ್ ಶೆಲ್ (ಅರ್ಧ ಬಳೆಯಂಥ ಚಿಪ್ಪು) ಮತ್ತು ಜರ್ನಲ್ ಎರಡೂ ಒಣಗಿರಬೇಕು, ಎಳೆಯನ್ನು ಜರ್ನಲ್ ಉದ್ದಕ್ಕೆ ಇಟ್ಟು ಪೂರ್ತಿ ಟಾರ್ಕ್‌ಗೆ ಬಿಗಿದು ಬಿಚ್ಚಬೇಕು, ನಡುವೆ ಕ್ರ್ಯಾಂಕ್ ಒಂದಿಷ್ಟೂ ತಿರುಗಬಾರದು. ತಿರುಗಿದರೆ ಎಳೆ ಉಜ್ಜಿಹೋಗಿ ಓದು ಸುಳ್ಳಾಗುತ್ತದೆ. ಎಳೆಯ ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು ಕಂಡರೆ ಜರ್ನಲ್ ಓರೆ ಸವೆದಿದೆ. ಜರ್ನಲ್ ಮೊಟ್ಟೆಯಾಕಾರವಾಗಿದೆಯೇ ಎನ್ನುವುದು ಮಾತ್ರ ಇದಕ್ಕೆ ತಿಳಿಯುವುದಿಲ್ಲ, ಅದಕ್ಕೆ ಮೈಕ್ರೋಮೀಟರ್ ಬೇಕೇ ಬೇಕು. ನಾಲ್ಕು ಅಂಕ.

ಟಾರ್ಕ್ ರೆಂಚ್ ಕೊಳ್ಳುವಾಗ ಆಗುವ ತಪ್ಪು ಒಂದೇ: ವೀಲ್ ನಟ್‌ಗೆಂದು ತಂದ 40ರಿಂದ 200 ನ್ಯೂಟನ್ ಮೀಟರ್‌ನ ರೆಂಚಿನಲ್ಲಿ ರಾಡ್ ಬೋಲ್ಟ್ ಬಿಗಿಯುವುದು. ಎಷ್ಟೋ ಎಂಜಿನ್‌ಗಳಲ್ಲಿ ಮೊದಲ ಹಂತವೇ 20 ನ್ಯೂಟನ್ ಮೀಟರ್ ಸುತ್ತಮುತ್ತ ಇರುತ್ತದೆ, ಆಮೇಲೆ ಕೋನ ಲೆಕ್ಕದಲ್ಲಿ 90 ಡಿಗ್ರಿಯಂತೆ ತಿರುವು. ಇದಕ್ಕೆ 10ರಿಂದ 60ರವರೆಗಿನ ಸಣ್ಣ ರೆಂಚೂ ಒಂದು ಆ್ಯಂಗಲ್ ಗೇಜೂ ಬೇಕು. ಹೀಗೆ ಹಿಗ್ಗಿಸಿ ಬಿಗಿಯುವ ಬೋಲ್ಟ್‌ಗಳನ್ನು ಸಾಮಾನ್ಯವಾಗಿ ಮತ್ತೆ ಬಳಸುವಂತಿಲ್ಲ, ಹೊಸದೇ ಹಾಕಬೇಕು. ಎಳೆಗೆ ಎಣ್ಣೆ ಹಚ್ಚಬೇಕೋ ಬೇಡವೋ ಎಂಬುದನ್ನು ಮ್ಯಾನ್ಯುಯಲ್ ನೋಡಿಯೇ ತೀರ್ಮಾನಿಸಿ, ಒಣ ಎಳೆಗೂ ಎಣ್ಣೆಯ ಎಳೆಗೂ ಅದೇ ಟಾರ್ಕಿನಲ್ಲಿ ಬಿಗಿತ ಬಹಳ ಬದಲಾಗುತ್ತದೆ.

ಒಂದೊಂದು ಪಿಸ್ಟನ್ ಕೂರಿಸಿ ಬಿಗಿದ ಕೂಡಲೇ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿ ನೋಡಬೇಕು, ನಾಲ್ಕೂ ಮುಗಿಯಲಿ ಎಂದು ಕಾಯಬಾರದು. ಇದ್ದಕ್ಕಿದ್ದಂತೆ ಬಿಗಿಯಾದರೆ ಆಗತಾನೆ ಕೂರಿಸಿದ್ದೇ ತಪ್ಪಿತಸ್ಥ: ಕ್ಯಾಪ್ ಅದಲುಬದಲು, ಶೆಲ್ ಬೆನ್ನಿಗೆ ಕಸ, ಅಥವಾ ಬೆರಳಿಗೆ ಸಿಗದೆ ಒಳಗೆ ಹೋದ ಮುರಿದ ರಿಂಗ್. ರಾಡ್ ಪಿನ್ ಮೇಲೆ ಅಕ್ಕಪಕ್ಕ ಒಂದಿಷ್ಟು ಅಲುಗಬೇಕು, ಅಲುಗದಿದ್ದರೆ ಹಿಂದುಮುಂದಾಗಿ ಕೂತಿದೆಯೇ ನೋಡಿ. ಪಿಸ್ಟನ್ ಮೇಲಿನ ಬಾಣವೋ ಚುಕ್ಕೆಯೋ ಸಾಮಾನ್ಯವಾಗಿ ಟೈಮಿಂಗ್ ಚೈನ್ ಅಥವಾ ಬೆಲ್ಟ್ ಇರುವ ಬದಿಗೆ ಇರಬೇಕು.

ಕೊನೆಗೆ ಸ್ಲೀವ್ ಆರ್ಡರ್ ಮಾಡುವವರಿಗೆ: ಕಾರಿನ ಮಾಡೆಲ್ ಹೆಸರು ಹೇಳಿ ತರಿಸಬೇಡಿ, ಒಂದೇ ಮಾಡೆಲ್‌ನಲ್ಲಿ ಎರಡು ಬೋರ್‌ನ ಎಂಜಿನ್ ಇರುವುದುಂಟು. ಬೋರಿಂಗ್, ಹೋನಿಂಗ್ (ಬೋರ್ ಗೋಡೆ ಉಜ್ಜಿ ಹದಗೊಳಿಸುವುದು) ಎಲ್ಲ ಮುಗಿದು, ಬಿಸಿನೀರು ಸೋಪಿನಲ್ಲಿ ತೊಳೆದು, ಎಣ್ಣೆಯ ಬಿಳಿ ಬಟ್ಟೆ ಒರೆಸಿದರೂ ಬೂದು ಬಣ್ಣ ಬಾರದಷ್ಟು ಶುಚಿಯಾದ ಮೇಲೆ ಬೋರ್ ಗೇಜ್‌ನಲ್ಲಿ ಅಳೆದು, ಆ ಅಳತೆಗೇ ತರಿಸಿ.